ಸಾಹೇಬರು ಭಾವನಿಗೆ ತುಂಬಾ ಕ್ಲೋಸ್

ಈ ಕ್ಲೋಸ್ ಅನ್ನುವ ಪದವನ್ನು ನಮ್ಮ ಜನರ ಬಾಯಿಗೆ ಯಾರು ಹಾಕಿ ಹೋದರೋ, ಅವರು ಒಂದು ಸಲ ನನ್ನ ಕೈಗೆ ಸಿಗಬೇಕು. ಅಂಗಡಿ ಬಾಗಿಲು ಹಾಕಿದರೂ ಕ್ಲೋಸ್. ಹಳೇ ಫೈಲಿಗೆ ದಾರ ಕಟ್ಟಿ ಮೂಲೆಗೆ ಎಸೆದರೂ ಕ್ಲೋಸ್. ಯಾರದಾದರೂ ಕೆಲಸ ಹೋದರೆ ಅವನ ಕಥೆ ಕ್ಲೋಸ್. ಇಷ್ಟೆಲ್ಲ ಮುಚ್ಚಿಹಾಕುವ ಪದವನ್ನೇ ತಂದು, ಇಬ್ಬರು ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅನ್ನುವುದಕ್ಕೂ ಕ್ಲೋಸ್ ಅಂತೀವಿ. ಪರಿಚಯದವರು, ಹತ್ತಿರದವರು, ಬೇಕಾದವರು, ಜೀವದ ಗೆಳೆಯರು ಅಂತ ನಮ್ಮಲ್ಲಿ ಒಂದೊಂದು ಅಳತೆಗೆ ಒಂದೊಂದು ಮಾತಿದೆ. ಆದರೆ ಜಂಬ ಕೊಚ್ಚುವವನಿಗೆ ಅಳತೆ ಇರುವ ಮಾತು ಕಷ್ಟ. ಅದಕ್ಕೇ ಅವನಿಗೆ ಕ್ಲೋಸ್ ಬೇಕು.

ನಮ್ಮ ಭಾವ ಮಾತ್ರ ಸುಳ್ಳು ಹೇಳಿದವರಲ್ಲ. ತೊಂದರೆ ಆಗಿದ್ದೇ ಅದರಿಂದ.

ಭಾವ ಅಂದರೆ ನನ್ನ ದೊಡ್ಡಕ್ಕನ ಗಂಡ. ನೀರು ಸರಬರಾಜಿನ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಅದೇ ಕಚೇರಿಯಲ್ಲಿ ನಾನು ಎಲೆಕ್ಟ್ರಿಷಿಯನ್. ಅಕ್ಕ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಮೆಟ್ಟಿಲು ತಿರುಗುವ ಜಾಗದಲ್ಲಿ, ಒಂದು ಸ್ಟೌ, ಒಂದು ಬೆಂಚು, ಒಂದಷ್ಟು ಗಾಜಿನ ಲೋಟ ಇಟ್ಟುಕೊಂಡು ಟೀ ಕ್ಯಾಂಟೀನ್ ನಡೆಸುತ್ತಿದ್ದಳು. ಹೀಗೆ ಮನೆಮಂದಿಯೆಲ್ಲ ಒಂದೇ ಕಟ್ಟಡದಲ್ಲಿ ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡು ಸುಖವಾಗಿದ್ದೆವು.

ಆ ಲಿಫ್ಟ್ ನನಗಿಂತ ಹಿರಿಯದು. ನಾಲ್ಕು ಜನ ಹಿಡಿಯುತ್ತಾರೆ ಅಂತ ಒಳಗೆ ಬರೆದಿತ್ತು, ಯಾರೂ ಜೋರಾಗಿ ಉಸಿರು ಬಿಡದಿದ್ದರೆ ಹಿಡಿಯುತ್ತಲೂ ಇದ್ದರು. ಆದರೆ ಸಾಹೇಬರು ಹತ್ತಿದರೆ ಬೇರೆ ನರಪಿಳ್ಳೆ ಹತ್ತುವಂತಿರಲಿಲ್ಲ. ಇದು ಬರೆದಿಟ್ಟ ನಿಯಮವೇನಲ್ಲ, ನಮ್ಮ ಆಫೀಸಿನ ಮರ್ಯಾದೆ. ಸಾಹೇಬರು ಅಂದರೆ ಹೊಸದಾಗಿ ಬಂದಿದ್ದ, ಇಡೀ ಕಚೇರಿಗೆ ದೊಡ್ಡವರು. ಆರನೇ ಮಹಡಿಯಲ್ಲಿ ಅವರ ಕೋಣೆ. ದಿನಾ ಬೆಳಿಗ್ಗೆ ಬಾಗಿಲು ಮುಚ್ಚಿಕೊಂಡರೆ ಒಳಗೆ ಅವರು, ಭಾವ, ಇಬ್ಬರೇ.

ಒಳಗೆ ಏನು ನಡೆಯುತ್ತಿತ್ತು ಅಂತ ನಾನೊಂದು ದಿನ ಕೇಳಿದೆ.

"ಏನಿಲ್ಲಪ್ಪ," ಅಂದರು ಭಾವ. "ಒಳಗೆ ಬರ್ತಾರೆ, ಗೋಡೆ ಕಡೆ ತಿರುಗಿ ಕಂಬಿ ಹಿಡ್ಕೋತಾರೆ, ಕಣ್ಣು ಮುಚ್ಕೋತಾರೆ. ಆರನೇ ಮಹಡೀಲೇ ಕಣ್ಣು ಬಿಡೋದು. ನನ್ ಮೇಲೆ ಅಷ್ಟು ನಂಬಿಕೆ."

"ನಿಮ್ ಮುಖ ನೋಡೋಕೆ ಇಷ್ಟ ಇಲ್ದೇನೂ ಇರಬಹುದು ಭಾವ," ಅಂದೆ.

"ನಿನಗೆ ದೊಡ್ಡವರ ಸಹವಾಸ ಇಲ್ಲ. ಗೊತ್ತಾಗಲ್ಲ ಬಿಡು."

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ಭಾನುವಾರ ಚಿಕ್ಕಕ್ಕ ಮತ್ತು ಅವಳ ಗಂಡ ದೊಡ್ಡಕ್ಕನ ಮನೆಗೆ ಬಂದರು. ಚಿಕ್ಕಕ್ಕನ ಗಂಡ ಬ್ಯಾಂಕಿನಲ್ಲಿ ಕೆಲಸ. ಷಡ್ಡಕರು ಎದುರುಬದುರು ಕೂತರೆ ಏನಾಗುತ್ತೆ ಅಂತ ಷಡ್ಡಕ ಇರುವವರಿಗೆ ನಾನು ಹೇಳಬೇಕಾಗಿಲ್ಲ. ಬ್ಯಾಂಕ್ ಭಾವ ಕಾಲ ಮೇಲೆ ಕಾಲು ಹಾಕಿಕೊಂಡು ತಮ್ಮ ಬ್ಯಾಂಕಿನ ಅಧ್ಯಕ್ಷರು ತಮ್ಮ ಹೆಸರು ಹಿಡಿದು ಕರೆಯುವುದನ್ನು ಮೂರು ಥರ ಹೇಳಿದರು. ನಾಲ್ಕನೆಯದಕ್ಕೆ ಬಾಯಿ ತೆರೆದಾಗ ನಮ್ಮ ಭಾವ ಟೀ ಲೋಟ ಕೆಳಗಿಟ್ಟು, ಬಹಳ ಸಣ್ಣ ದನಿಯಲ್ಲಿ ಅಂದರು:

"ನಮ್ ಸಾಹೇಬ್ರು ನಂಗೆ ತುಂಬಾ ಕ್ಲೋಸ್."

ಇದರಲ್ಲಿ ಸುಳ್ಳೆಲ್ಲಿದೆ ಹೇಳಿ. ಲಿಫ್ಟಿನಲ್ಲಿ ಅವರಿಬ್ಬರ ನಡುವೆ ಒಂದೂವರೆ ಗೇಣು ಜಾಗ. ಸಾಹೇಬರ ಹೆಂಡತಿ ಕೂಡ ಹಗಲು ಹೊತ್ತಿನಲ್ಲಿ ಅವರಿಗೆ ಅಷ್ಟು ಹತ್ತಿರ ನಿಲ್ಲುತ್ತಿದ್ದರೋ ಇಲ್ಲವೋ.

"ಕ್ಲೋಸ್ ಅಂದ್ರೆ ಎಷ್ಟು?" ಅಂದರು ಬ್ಯಾಂಕ್ ಭಾವ.

"ದಿನಾ ನಾವಿಬ್ರೇ ಇರ್ತೀವಿ. ಬಾಗಿಲು ಹಾಕ್ಕೊಂಡು."

ಬ್ಯಾಂಕ್ ಭಾವ ಕಾಲು ಕೆಳಗಿಳಿಸಿ ಕೂತರು.

ಚಿಕ್ಕಕ್ಕನ ಬಾಯಲ್ಲಿ ಎಳ್ಳು ಕಾಳೂ ನೆನೆಯುವುದಿಲ್ಲ. ಅವಳು ಹೋಗುವಾಗ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಹತ್ತಿರ ಹೇಳಿ ಹೋದಳು. ಪೋಸ್ಟ್‌ಮಾಸ್ಟರ್ ಮನೆಯ ನಲ್ಲಿಯಲ್ಲಿ ನೀರು ಬರುವುದು ನಿಂತು ಬಹಳ ದಿನವಾಗಿತ್ತು. ಅವರು ಬೆಳಿಗ್ಗೆಯೇ ಖಾಲಿ ಬಕೆಟ್ ಹಿಡಿದುಕೊಂಡು ಬಂದು ಭಾವನ ಮುಂದೆ ನಿಂತರು, ಬಕೆಟ್‌ನಲ್ಲೇ ಅರ್ಜಿ ಇದೆ ಅನ್ನುವ ಹಾಗೆ. ಭಾವ "ನೋಡೋಣ" ಅಂದರು. ಅದೇ ವಾರ, ಎಂದೋ ಆಗಬೇಕಾಗಿದ್ದ ಪೈಪ್ ರಿಪೇರಿಗೆ ಜನ ಬಂದು ಬೀದಿ ಅಗೆದು, ಪೈಪ್ ಬದಲಾಯಿಸಿ ಹೋದರು. ಪೋಸ್ಟ್‌ಮಾಸ್ಟರ್ ನಲ್ಲಿಯಲ್ಲಿ ನೀರು ಬುಸ್ಸಂತ ಬಂದು ಅವರ ಮುಖಕ್ಕೇ ಹೊಡೆಯಿತು. ಅವರು ಒದ್ದೆ ಬಟ್ಟೆಯಲ್ಲೇ ಓಡಿ ಬಂದು ಭಾವನ ಎರಡೂ ಕೈ ಹಿಡಿದುಕೊಂಡರು.

"ನಾನೇನೂ ಮಾಡಿಲ್ಲ ಸ್ವಾಮಿ," ಅಂದರು ಭಾವ.

"ದೊಡ್ಡ ಕೆಲಸ ಮಾಡೋರು ಹೀಗೇ ಹೇಳೋದು," ಅಂದರು ಪೋಸ್ಟ್‌ಮಾಸ್ಟರ್.

ಸುದ್ದಿ ಆಫೀಸಿಗೂ ಬಂತು. ನಮ್ಮ ಹೆಡ್ ಕ್ಲರ್ಕ್ ಅಲ್ಲಿವರೆಗೂ ಭಾವನನ್ನು "ಏಯ್" ಅನ್ನುತ್ತಿದ್ದವರು "ಏನ್ರೀ"ಗೆ ಬಂದರು, ಅಲ್ಲಿಂದ "ಅಣ್ಣಾ"ಗೆ ಹತ್ತಿದರು. ಭಾವನ ಮುರುಕು ಸ್ಟೂಲ್ ಹೋಗಿ ಮೆತ್ತೆ ಇರುವ ಸ್ಟೂಲ್ ಬಂತು. ಲಿಫ್ಟಿನ ಫ್ಯಾನ್ ಕೆಟ್ಟು ಎರಡು ವರ್ಷವಾಗಿತ್ತು, ತಕ್ಷಣ ಸರಿ ಮಾಡು ಅಂತ ನನ್ನ ಮೇಲೆ ಹಾರಾಡಿದರು. ಭಾವ ಮೊದಮೊದಲು ನಾಚಿಕೊಂಡರು, ಆಮೇಲೆ ಮೆತ್ತೆಗೆ ಒಗ್ಗಿಕೊಂಡರು. ಯಾರಾದರೂ ಸಾಹೇಬರ ಮೂಡ್ ಹೇಗಿದೆ ಅಂತ ಕೇಳಿದರೆ, "ಇವತ್ತು ಬೇಡ" ಅಂತ ಕಣ್ಣಲ್ಲೇ ಹೇಳುವುದನ್ನೂ ಕಲಿತರು.

ಆಗ ಬಂತು ನೋಡಿ ನೋಟೀಸು. ಲಿಫ್ಟ್ ಇರುವಾಗ ಮೆಟ್ಟಿಲ ಮೇಲೆ ಯಾರೂ ಓಡಾಡುವುದಿಲ್ಲ, ಆದ್ದರಿಂದ ಮೂರನೇ ಮಹಡಿಯ ತಿರುವಿನಲ್ಲಿರುವ ಕ್ಯಾಂಟೀನನ್ನು ಈ ತಿಂಗಳ ಕೊನೆಗೆ ತೆಗೆದು, ಆ ಜಾಗದಲ್ಲಿ ಹಳೇ ಫೈಲಿನ ಬೀರುಗಳನ್ನು ಇಡತಕ್ಕದ್ದು. ಕೆಳಗೆ ಸಾಹೇಬರ ಸಹಿ. ಹೆಡ್ ಕ್ಲರ್ಕ್ ಅದನ್ನು ತಾವೇ ತಂದು ಅಕ್ಕನ ಸ್ಟೌ ಹಿಂದಿನ ಗೋಡೆಗೆ ಅಂಟಿಸಿ, "ನಿಮಗೇನಮ್ಮ ಚಿಂತೆ, ಅಣ್ಣ ಒಂದು ಮಾತು ಹೇಳಿದ್ರೆ ಮುಗೀತು," ಅಂತ ಬಿಟ್ಟಿ ಟೀ ಕುಡಿದು ಹೋದರು.

ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಆ ಕ್ಯಾಂಟೀನ್ ಅವಳದೇ ಕೈಯಲ್ಲಿ ಹುಟ್ಟಿದ್ದು. ಮಗಳನ್ನು ನರ್ಸಿಂಗ್‌ಗೆ ಸೇರಿಸಿದ್ದು ಅದರಿಂದ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಇದ್ದಾಗ ಅವಳು ಯಾರದೋ ಹೆಂಡತಿ, ಯಾರದೋ ಅಮ್ಮ. ಸ್ಟೌ ಮುಂದೆ ನಿಂತಾಗ ಅವಳು ಅವಳೇ. ಇದನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ನನಗೆ ಗೊತ್ತಿತ್ತು ಅಷ್ಟೇ.

"ರೀ, ನಾಳೆ ಸಾಹೇಬ್ರ ಹತ್ರ ಮಾತಾಡಿ," ಅಂದಳು.

"ಮಾತಾಡೋಣ," ಅಂದರು ಭಾವ.

ಮರುದಿನ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಆ ವಾರ ಪೂರ್ತಿ ಭಾವ ಲಿಫ್ಟಿನಿಂದ ಗಂಟಲು ಸರಿಮಾಡಿಕೊಳ್ಳುತ್ತಾ ಇಳಿದರು. ಕೊನೆಗೆ ಅಕ್ಕನ ಮುಂದೆ ನಿಜ ಒಪ್ಪಿಕೊಂಡರು.

"ಟೈಮೇ ಸಾಲಲ್ಲ ಕಣೆ. ಎರಡನೇ ಮಹಡೀಲಿ ಧೈರ್ಯ ಬರೋಕೆ ಶುರುವಾಗುತ್ತೆ. ನಾಲ್ಕರಲ್ಲಿ ಬಾಯಿ ತೆಗೀತೀನಿ. 'ಸರ್' ಅನ್ನೋ ಹೊತ್ತಿಗೆ ಆರು ಬಂದ್ಬಿಡುತ್ತೆ. ಅವರು ಹೋಗ್ಬಿಡ್ತಾರೆ."

"ಕ್ಲೋಸ್ ಅಂದ್ರಿ?"

"ಕ್ಲೋಸೇ. ಮಾತುಕತೆ ಇಲ್ಲ, ಅಷ್ಟೇ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಲಿಫ್ಟ್ ಯಾರ ಕೈಯಲ್ಲಿದೆ?" ಅಂದಳು.

"ನನ್ ಕೈಯಲ್ಲಿ."

"ನಿಲ್ಲಿಸೋ ಬಟನ್ ಇಲ್ವಾ?"

ಇದೆ. ಕೆಂಪು ಬಟನ್. ಅಪಾಯ ಬಂದಾಗ ಒತ್ತುವುದು. ಆ ಲಿಫ್ಟ್ ಹುಟ್ಟಿದಾಗಿನಿಂದ ಅದನ್ನು ಒತ್ತಿದವರು ಯಾರೂ ಇಲ್ಲ. ಇದನ್ನು ಎಲೆಕ್ಟ್ರಿಷಿಯನ್ ಆದ ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು. ಗಂಡ ಹೆಂಡತಿ ಇಬ್ಬರಿಗೂ ಆ ಬುದ್ಧಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರು ಲಿಫ್ಟ್ ಹತ್ತಿದರು. ಗೋಡೆ ಕಡೆ ತಿರುಗಿದರು, ಕಣ್ಣು ಮುಚ್ಚಿದರು. ಎರಡನೇ ಮಹಡಿ ದಾಟುತ್ತಲೇ ಭಾವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಟನ್ ಒತ್ತಿದರು. ಲಿಫ್ಟ್ ಗಡಗಡ ಅಂತ ನಿಂತಿತು. ದೀಪ ಹೋಯಿತು. ನಾನು ಬೆವರು ಸುರಿಸಿ ರಿಪೇರಿ ಮಾಡಿದ್ದ ಫ್ಯಾನೂ ಹೋಯಿತು. ಒತ್ತಿದ ಬಟನ್ ಒಳಗೇ ಕೂತುಬಿಟ್ಟಿತು, ಭಾವ ಉಗುರಿನಲ್ಲಿ ಎಳೆದರೂ ಹೊರಗೆ ಬರಲಿಲ್ಲ.

ಮೂರನೇ ಮಹಡಿಯ ಬಾಗಿಲ ಮುಂದೆ ಐದು ನಿಮಿಷದಲ್ಲಿ ಜಾತ್ರೆ ಸೇರಿತು. ಹೆಡ್ ಕ್ಲರ್ಕ್ ಎಲ್ಲರನ್ನೂ ತಳ್ಳಿ ಮುಂದೆ ಬಂದು ಬಾಗಿಲಿಗೆ ಕಿವಿ ಇಟ್ಟರು. ಭಾವನಿಗೆ ಇನ್ನೊಂದು ಸಲ ಥ್ಯಾಂಕ್ಸ್ ಹೇಳಿ, ಜೊತೆಗೆ ಎರಡನೇ ನಲ್ಲಿಯೊಂದನ್ನು ಕೇಳಿ ಹೋಗೋಣ ಅಂತ ಪೋಸ್ಟ್‌ಮಾಸ್ಟರ್ ಕೂಡ ಅದೇ ಹೊತ್ತಿಗೆ ಬಂದಿದ್ದರು. ಬಾಗಿಲು ದಪ್ಪ, ಮಾತು ತಿಳಿಯುವುದಿಲ್ಲ, ದನಿ ಮಾತ್ರ ಕೇಳುತ್ತದೆ.

"ಅಣ್ಣ ಮಾತಾಡ್ತಿದಾರೆ," ಅಂದರು ಹೆಡ್ ಕ್ಲರ್ಕ್.

"ಸಾಹೇಬ್ರು?"

"ಸಾಹೇಬ್ರು ಹೂಂ ಅಂತಿದಾರೆ. ಇರಿ. ಈಗ ಮತ್ತೆ ಅಣ್ಣನೇ. ಸಾಹೇಬ್ರಿಗೆ ಬಾಯಿ ತೆಗೆಯೋಕೇ ಬಿಡ್ತಿಲ್ಲ."

"ಬೈತಿದಾರಾ?"

"ಇಲ್ಲ ಇಲ್ಲ, ಬುದ್ಧಿ ಹೇಳೋ ಥರ ಇದೆ. ಸಾಹೇಬ್ರು ಮತ್ತೆ ಹೂಂ ಅಂದ್ರು."

"ಬೇಕು ಅಂತಲೇ ಲಿಫ್ಟ್ ನಿಲ್ಲಿಸ್ಕೊಂಡು ಮಾತಾಡ್ತಿದಾರೆ," ಅಂದರು ಪೋಸ್ಟ್‌ಮಾಸ್ಟರ್. "ಇಂಥ ಮಾತೆಲ್ಲ ಕೋಣೇಲಿ ಆಗಲ್ಲ. ಯಾರಾದ್ರೂ ಬರ್ತಾರೆ."

ಅಕ್ಕ ಸ್ಟೌ ಹತ್ತಿರ ಕೈಕಟ್ಟಿಕೊಂಡು ನಿಂತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಒಂದು ಚೂರು ಕಳೆ ಇತ್ತು.

ನಾನು ತಾರಸಿಯ ಮೇಲಿನ ಲಿಫ್ಟ್ ಮೋಟರ್ ಕೋಣೆಗೆ ಓಡಿದೆ. ಮೇನ್ ಸ್ವಿಚ್ ಆರಿಸಿ, ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ಲಿಫ್ಟನ್ನು ಇಷ್ಟಿಷ್ಟೇ ಮೇಲೆತ್ತಿ ಮೂರನೇ ಮಹಡಿಗೆ ತರಬೇಕು. ತೋಳು ಬಿದ್ದುಹೋಗುವ ಕೆಲಸ. ತಂದ ಮೇಲೆ ಕೆಳಗೆ ಓಡಿ ಬಂದು ಬಾಗಿಲಿಗೆ ಕೀ ಹಾಕಬೇಕು, ಯಾಕೆಂದರೆ ಕೀ ಇರುವುದು ನನ್ನ ಹತ್ತಿರ ಮಾತ್ರ.

"ಎಲ್ರೂ ಹಿಂದೆ ಹೋಗಿ, ಶಾಕ್ ಹೊಡೆಯುತ್ತೆ," ಅಂದೆ. ಏನೂ ಹೊಡೆಯುವುದಿಲ್ಲ, ಆದರೆ ಎಲೆಕ್ಟ್ರಿಷಿಯನ್ ಮಾತಿಗೆ ಬೆಲೆ ಬರುವುದು ಆವಾಗ ಮಾತ್ರ. ಎಲ್ಲರೂ ಹಿಂದೆ ಸರಿದರು. ನಾನು ಬಾಗಿಲನ್ನು ಒಂದು ಕೈಯಗಲ ತೆರೆದು ಒಳಗೆ ಮುಖ ಹಾಕಿದೆ.

ಸಾಹೇಬರು ಭಾವನ ಸ್ಟೂಲಿನ ಮೇಲೆ ಕೂತಿದ್ದರು. ಮುಖ ಭಾವನ ಎದೆಯಲ್ಲಿ ಹುದುಗಿತ್ತು. ಎರಡೂ ಕೈಯಲ್ಲಿ ಭಾವನ ಯೂನಿಫಾರ್ಮ್ ಹಿಡಿದುಕೊಂಡು ಮಗುವಿನ ಹಾಗೆ ಅಳುತ್ತಿದ್ದರು. ಮುಚ್ಚಿದ ಜಾಗ ಅಂದರೆ ಅವರಿಗೆ ಜೀವ ಹೋಗುತ್ತಿತ್ತು, ದಿನಾ ಕಣ್ಣು ಮುಚ್ಚಿ ಕಂಬಿ ಹಿಡಿಯುತ್ತಿದ್ದದ್ದು ಅದಕ್ಕೇ. ಭಾವ ಅವರ ತಲೆ ಸವರುತ್ತಾ ಮಾತಾಡುತ್ತಲೇ ಇದ್ದರು.

"ಹೆದ್ರಬೇಡಿ ಸರ್. ಈ ಗೋಡೆ ಆಚೆ ನಮ್ಮನೆಯವಳ ಕ್ಯಾಂಟೀನ್ ಇದೆ. ಟೀ ಕುದೀತಿದೆ ಈಗ. ಶುಂಠಿ ಜಜ್ಜಿ ಹಾಕ್ತಾಳೆ ಅವಳು. ವಾಸನೆ ಬಂತಾ ಸರ್? ಬಂತಲ್ವಾ? ಅಷ್ಟೇ ದೂರ. ಅಷ್ಟೇ."

"ಹೂಂ," ಅಂದರು ಸಾಹೇಬರು.

ಭಾವ ನನ್ನನ್ನು ನೋಡಿದರು. ಬಾಗಿಲು ಹಾಕು ಅಂತ ಕಣ್ಣಲ್ಲೇ ಅಂದರು. ನಾನು ಹಾಕಿದೆ. "ಇನ್ನೂ ಲೆವೆಲ್‌ಗೆ ಬಂದಿಲ್ಲ," ಅಂತ ಜನರಿಗೆ ಹೇಳಿ, ಸ್ಕ್ರೂಡ್ರೈವರ್ ತೆಗೆದು ಏನೂ ಇಲ್ಲದ ಕಡೆ ತಿರುವುತ್ತಾ ನಿಂತೆ. ಒಳಗಿನಿಂದ ಮೂಗು ಎಳೆದುಕೊಂಡ ಸದ್ದು ಬಂದ ಮೇಲೆ ಬಾಗಿಲು ತೆರೆದೆ.

ಸಾಹೇಬರು ಟೈ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಸೀದಾ ಮೆಟ್ಟಿಲು ಹತ್ತಿ ಹೋದರು. ಹಿಂದೆ ಭಾವ ಬಂದರು. ಯೂನಿಫಾರ್ಮಿನ ಮುಂಭಾಗ ಒದ್ದೆ ಮುದ್ದೆ.

"ಏನಣ್ಣಾ ಇದು?" ಅಂದರು ಹೆಡ್ ಕ್ಲರ್ಕ್.

"ಬೆವರು," ಅಂದರು ಭಾವ.

ಅಕ್ಕ ಜನ ಕರಗುವವರೆಗೂ ಕಾದಳು. "ಕೇಳಿದ್ರಾ?"

"ಇಲ್ಲ."

"ಅಷ್ಟು ಹೊತ್ತು ಮಾತಾಡಿದ್ರಲ್ಲ."

"ಮಾತಾಡಿದೆ."

"ಏನ್ ಮಾತಾಡಿದ್ರಿ?"

ಭಾವ ಯೋಚಿಸಿದರು. "ಟೀ ವಿಷಯ," ಅಂದರು.

ಅಕ್ಕ ಕೈಯಲ್ಲಿದ್ದ ಸೌಟನ್ನು ನೋಡಿದಳು, ಭಾವನನ್ನು ನೋಡಿದಳು. ಪಕ್ಕದಲ್ಲಿ ನಾನು ಇಲ್ಲದಿದ್ದರೆ ಆ ಸೌಟು ಎಲ್ಲಿರುತ್ತಿತ್ತೋ ಗೊತ್ತಿಲ್ಲ. "ನನ್ ಹೊಟ್ಟೆಪಾಡು ಬೀದಿಗೆ ಬೀಳ್ತಿದೆ, ನೀವು ಟೀ ವಿಷಯ ಮಾತಾಡ್ಕೊಂಡು ಬಂದ್ರಾ," ಅಂದಳು. ಆಮೇಲೆ ಅವಳು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಭಾವನನ್ನು ಹಿಡಿದುಕೊಂಡೆ. "ಬೆಳಿಗ್ಗೆ ಅವರಿದ್ದ ಸ್ಥಿತೀಲಿ ನೀವು ಕೇಳಿದ್ರೆ ಆರನೇ ಮಹಡಿಯನ್ನೇ ಅಕ್ಕನ ಹೆಸರಿಗೆ ಬರೆದುಕೊಡ್ತಿದ್ರು. ಯಾಕೆ ಕೇಳಲಿಲ್ಲ?"

"ಅದಕ್ಕೇ ಕೇಳಲಿಲ್ಲ," ಅಂದರು. "ಬಟನ್ ಒತ್ತಿ ಹೆದರಿಸಿದೋನು ನಾನು. ಹೆದರಿದೋರ ಹತ್ರ ಕೈ ಚಾಚಲಾ? ನೀನು ನೋಡಿದ್ದನ್ನ ನೀನು ನೋಡಿಲ್ಲ, ಗೊತ್ತಾಯ್ತಾ? ನಿನ್ನಕ್ಕನಿಗೂ ಹೇಳಬೇಡ."

ನಾನು ಬಟನ್ ಸರಿಮಾಡಿ ಲಿಫ್ಟ್ ಮತ್ತೆ ಓಡಿಸಿದರೂ, ಅವತ್ತಿನಿಂದ ಸಾಹೇಬರು ಅದನ್ನು ಹತ್ತುವುದನ್ನೇ ಬಿಟ್ಟರು. "ಆರೋಗ್ಯಕ್ಕೆ ಒಳ್ಳೇದು," ಅಂತ ಆರು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತಿದರು. ಭಾವನ ಕಡೆ ತಿರುಗಿಯೂ ನೋಡಲಿಲ್ಲ. ಹೆಡ್ ಕ್ಲರ್ಕ್ ಇದನ್ನು ನೋಡಿ, ಇವನು ಲಿಫ್ಟಲ್ಲಿ ಸಾಹೇಬರಿಗೆ ಏನೋ ಬಾಯಿಗೆ ಬಂದಂಗೆ ಅಂದುಬಿಟ್ಟಿದ್ದಾನೆ ಅಂತ ತೀರ್ಮಾನ ಮಾಡಿದರು. "ಅಣ್ಣಾ" ಮತ್ತೆ "ಏಯ್" ಆಯಿತು. ಮೆತ್ತೆ ಸ್ಟೂಲ್ ವಾಪಸ್ ಹೋಯಿತು. ಪೋಸ್ಟ್‌ಮಾಸ್ಟರ್ ಬೀದಿಯಲ್ಲಿ ಎದುರಾದರೆ ಆಕಾಶ ನೋಡತೊಡಗಿದರು. ಬ್ಯಾಂಕ್ ಭಾವ ಫೋನ್ ಮಾಡಿ, "ಏನ್ ಭಾವ, ಕ್ಲೋಸ್ ಆಗಿದ್ದೋರು ಫುಲ್ ಕ್ಲೋಸ್ ಆಗೋದ್ರಂತೆ," ಅಂತ ನಕ್ಕರು. ಭಾವ ಒಂದಕ್ಕೂ ಉತ್ತರ ಕೊಡಲಿಲ್ಲ. ಅಕ್ಕ ಮೊದಲು ಅವರ ಹತ್ತಿರ ಮಾತು ಬಿಟ್ಟಳು, ಆಮೇಲೆ ಅವರೇ ಮಾತು ಬಿಟ್ಟಿದ್ದಾರೆ ಅಂತ ಗೊತ್ತಾಗಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು.

ಈಗ ನಮ್ಮ ಆಫೀಸಿನ ಮರ್ಯಾದೆ ಕೇಳಿ. ಸಾಹೇಬರೇ ಮೆಟ್ಟಿಲು ಹತ್ತುವಾಗ ಉಳಿದವರು ಲಿಫ್ಟಲ್ಲಿ ಸೊಂಯ್ ಅಂತ ಹೋಗುವುದು ಹೇಗೆ? ಮೊದಲು ದೊಡ್ಡ ಇಂಜಿನಿಯರ್ ಮೆಟ್ಟಿಲಿಗೆ ಬಂದರು, ಹಿಂದೆ ಸಣ್ಣ ಇಂಜಿನಿಯರ್‌ಗಳು, ಅವರ ಹಿಂದೆ ಕ್ಲರ್ಕ್‌ಗಳು, ಎಲ್ಲರ ಹಿಂದೆ ಹೊಟ್ಟೆ ಹೊತ್ತುಕೊಂಡು ಹೆಡ್ ಕ್ಲರ್ಕ್. ಎಲ್ಲರಿಗೂ ಆರೋಗ್ಯದ ಚಿಂತೆ ಒಂದೇ ವಾರದಲ್ಲಿ ಹುಟ್ಟಿತು. ಮೂರನೇ ಮಹಡಿಗೆ ಬರುವ ಹೊತ್ತಿಗೆ ಎಲ್ಲರ ನಾಲಿಗೆಯೂ ಹೊರಗೆ. ಅಲ್ಲಿ ಅಕ್ಕನ ಬೆಂಚು, ಅಕ್ಕನ ಟೀ. ಬೆಂಚು ಸಾಲದೆ ಜನ ಮೆಟ್ಟಿಲ ಮೇಲೆ ಕೂತು ಕುಡಿದರು. ಅಕ್ಕ ಕೈಗೆ ಬಿಡುವಿಲ್ಲದೆ ಲೋಟ ತೊಳೆದಳು, ಗೋಡೆಯ ಮೇಲಿನ ನೋಟೀಸನ್ನು ಒಮ್ಮೊಮ್ಮೆ ತಿರುಗಿ ನೋಡಿದಳು.

ತಿಂಗಳ ಕೊನೆಯ ದಿನ ಬೀರುಗಳು ಕೆಳಗೆ ಬಂದು ನಿಂತವು. ನಾನು ಅಕ್ಕನ ಸ್ಟೌ ಬಿಚ್ಚಿಕೊಡಲು ಹೋಗಿದ್ದೆ. ಆಗ ಸಾಹೇಬರು ಹತ್ತಿ ಬಂದರು. ಅಲ್ಲಿವರೆಗೆ ಎಷ್ಟೇ ಏದುಸಿರು ಬಂದರೂ ಅವರು ಅಲ್ಲಿ ನಿಂತವರಲ್ಲ. ಅವತ್ತು ಬೆಂಚಿನ ಮೇಲೆ ಕೂತುಬಿಟ್ಟರು. ಕೂತಿದ್ದ ಹೆಡ್ ಕ್ಲರ್ಕ್ ಗಕ್ಕನೆ ಎದ್ದು ನಿಂತು ಬಿಸಿ ಟೀಯನ್ನು ಒಂದೇ ಗುಟುಕಿಗೆ ನುಂಗಿ ಕಣ್ಣು ಕಣ್ಣು ಬಿಟ್ಟರು.

ಅಕ್ಕ ಟೀ ಕೊಟ್ಟಳು. ಸಾಹೇಬರು ಲೋಟವನ್ನು ಮೂಗಿನ ಹತ್ತಿರ ಹಿಡಿದು ವಾಸನೆ ಎಳೆದುಕೊಂಡರು.

"ಶುಂಠಿ," ಅಂದರು.

"ಹೌದು ಸರ್."

"ನಿಮ್ಮ ಯಜಮಾನ್ರು ಅವತ್ತಿನ ವಿಷಯ ಮನೇಲಿ ಏನು ಹೇಳಿದ್ರು?"

"ಏನು ಹೇಳ್ತಾರೆ ಸರ್," ಅಂದಳು ಅಕ್ಕ. ಕ್ಯಾಂಟೀನ್ ಹೇಗೂ ಹೋಯಿತು, ಇನ್ನು ಯಾರ ಹೆದರಿಕೆ ಅವಳಿಗೆ. "ಟೀ ವಿಷಯ ಮಾತಾಡಿದ್ವಿ ಅಂದ್ರು. ಅಷ್ಟೇ. ಅವತ್ತಿಂದ ಆ ಮನುಷ್ಯನ ಬಾಯಿಂದ ಮಾತೇ ಹೊರಡ್ತಿಲ್ಲ. ಊರವರೆಲ್ಲ ಆಡ್ಕೋತಿದಾರೆ, ನಾನೂ ಆಡಬಾರದ್ದೆಲ್ಲ ಆಡಿದೀನಿ. ಏನೂ ಹೇಳಲ್ಲ. ಏನಾಯ್ತು ಸರ್ ಅವತ್ತು? ನೀವಾದ್ರೂ ಹೇಳಿ."

ಸಾಹೇಬರು ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. ನಾನು ಸ್ಪ್ಯಾನರ್ ತಿರುಗಿಸುವುದನ್ನು ನಿಲ್ಲಿಸಿದೆ.

"ಟೀ ವಿಷಯವೇ ಮಾತಾಡಿದ್ವಿ ಅಮ್ಮ," ಅಂದರು. ಆಮೇಲೆ ಹೆಡ್ ಕ್ಲರ್ಕ್ ಕಡೆ ತಿರುಗಿದರು. "ಈ ಕಾಗದ ತೆಗೀರಿ. ಇಷ್ಟು ಜನ ಓಡಾಡೋ ಜಾಗದಲ್ಲಿ ಬೀರು ಇಡಿ ಅಂತ ಯಾರು ಹೇಳಿದ್ದು?"

ಸಹಿ ಯಾರದು ಅಂತ ಹೇಳುವ ಧೈರ್ಯ ಹೆಡ್ ಕ್ಲರ್ಕ್‌ಗೆ ಇರಲಿಲ್ಲ. ಸುಟ್ಟ ನಾಲಿಗೆಯಲ್ಲೇ "ಸರ್ ಸರ್" ಅಂತ ನೋಟೀಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಸಾಹೇಬರು ಎದ್ದು, ಎರಡು ಮೆಟ್ಟಿಲು ಹತ್ತಿ, ನಿಂತರು. "ಕೆಳಗೆ ಲಿಫ್ಟ್ ಹತ್ರ ಒಂದು ಟೀ ಕಳಿಸಿ," ಅಂದರು. ತಿರುಗಿ ನೋಡದೆ ಹೋದರು.

ಅಕ್ಕ ದಡ್ಡಿಯಲ್ಲ. ಹಾಲು ಕಾಯಲು ಇಟ್ಟು ಗೋಡೆ ನೋಡುತ್ತಾ ನಿಂತಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಇರುವುದರಲ್ಲೇ ಒಳ್ಳೇ ಲೋಟ ಆರಿಸಿ, ಅದನ್ನು ಎರಡು ಸಲ ತೊಳೆದು, ಟೀ ತಾನೇ ತೆಗೆದುಕೊಂಡು ಕೆಳಗೆ ಇಳಿದಳು. ನಾನು ಹಿಂದೆ ಹೋದೆ. ಹೆಡ್ ಕ್ಲರ್ಕ್ ನಮ್ಮಿಬ್ಬರಿಗಿಂತ ಮುಂಚೆ ಇಳಿದು ಅಲ್ಲಿ ನಿಂತಿದ್ದರು, ಮೆತ್ತೆ ಸ್ಟೂಲನ್ನು ಕಂಕುಳಲ್ಲಿ ಹಿಡಿದುಕೊಂಡು.

"ಅಣ್ಣಾ, ಸಾಹೇಬ್ರು ನಿಮಗೆ ಅಂತ ಟೀ ಕಳಿಸಿದಾರೆ," ಅಂದರು. "ನಿಜ ಹೇಳಿ, ನಿಮಗೂ ಅವರಿಗೂ ಎಷ್ಟು ವರ್ಷದ ಸ್ನೇಹ?"

ಭಾವ ಟೀ ಲೋಟ ನೋಡಿದರು. ಅದನ್ನು ಹಿಡಿದಿದ್ದ ಅಕ್ಕನ ಮುಖ ನೋಡಿದರು. ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಸಾಹೇಬ್ರಾ?" ಅಂದರು. "ನಂಗೆ ಅವರ ಪರಿಚಯ ಅಷ್ಟಕ್ಕಷ್ಟೇ."